ವಸ್ತೂಕರಣ ಎಂದರೆ ಎಂತದು? ಪದೇ ಪದೇ ಕೇಳುವ ಪ್ರಶ್ನೆಗಳು

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಾವು ಏಳೆಂಟು ಜನ ತಿಂಗಳಿಗೊಂದು ಭಾನುವಾರ ಸೇರಿ ಓದುತ್ತೇವೆ. ಅಡಿಕೆ ತೋಟದವರಿದ್ದಾರೆ, ಬ್ಯಾಂಕಿನಿಂದ ರಿಟೈರ್ ಆದವರಿದ್ದಾರೆ, ಒಬ್ಬರು ಅಂಗನವಾಡಿ ಟೀಚರ್. ಈ ಸಲ ಹಿಡಿದದ್ದು ‘ರೀಯಿಫಿಕೇಶನ್’ ಎಂಬ ಶಬ್ದವನ್ನು, ನಮ್ಮ ಕನ್ನಡದಲ್ಲಿ ವಸ್ತೂಕರಣ. ಪ್ರತಿ ತಿಂಗಳೂ ಅದೇ ಪ್ರಶ್ನೆಗಳು ತಿರುಗಿ ಬಂದವು. ಹೊಸಬರಿಗೆ ಮತ್ತೆ ಮತ್ತೆ ಹೇಳಿ ಸಾಕಾಗಿ ಬರೆದಿಟ್ಟಿದ್ದೇನೆ. ನಾನು ತತ್ವಶಾಸ್ತ್ರ ಕಲಿತವಳಲ್ಲ. ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುವವಳು.

ಒಂದೇ ಮಾತಲ್ಲಿ ಹೇಳಿ, ಇದು ಎಂತದು?

ನಮ್ಮಲ್ಲಿ ಒಂದು ಮಾತು ಉಂಟು: ‘ಮೊದಲಿಂದಲೂ ಹಾಗೇ ನಡೆದುಕೊಂಡು ಬಂದದ್ದು.’ ಮದುವೆಯಲ್ಲಿ ಹೆಣ್ಣಿನ ಕಡೆಯವರೇ ಯಾಕೆ ಬಗ್ಗಬೇಕು ಎಂದು ಕೇಳಿ. ಗಂಡಸರು ಉಂಡೆದ್ದ ಮೇಲೆಯೇ ಅಡುಗೆ ಮಾಡಿದವರ ಊಟ ಯಾಕೆ ಎಂದು ಕೇಳಿ. ಇದೇ ಉತ್ತರ ಸಿಗುತ್ತದೆ. ಈಗ ಆ ಮಾತನ್ನು ಸ್ವಲ್ಪ ಬಿಡಿಸಿ ನೋಡಿ. ನಡೆದುಕೊಂಡು ಬಂದದ್ದು ಯಾವುದು? ಪದ್ಧತಿ. ಅದಕ್ಕೆ ಕಾಲುಂಟಾ? ಇಲ್ಲ. ಯಾರೋ ಅದನ್ನು ಹೊತ್ತುಕೊಂಡು ಬಂದಿದ್ದಾರೆ, ಇವತ್ತೂ ಹೊರುತ್ತಿದ್ದಾರೆ. ಆದರೆ ಮಾತಿನೊಳಗೆ ಹೊತ್ತವರು ಕಾಣುವುದಿಲ್ಲ, ಹೊರೆ ತಾನೇ ನಡೆಯುತ್ತದೆ.

ವಸ್ತೂಕರಣ ಎಂದರೆ ಅದೇ. ಮನುಷ್ಯರೇ ಮಾಡಿಕೊಂಡ ಏರ್ಪಾಡು, ಮನುಷ್ಯರ ನಡುವಿನ ಸಂಬಂಧ, ಗುಡ್ಡದ ಪಾದೆಕಲ್ಲಿನ ಹಾಗೆ ತನ್ನಷ್ಟಕ್ಕೆ ತಾನಿರುವ ವಸ್ತುವಾಗಿ ಕಾಣುವುದು.

ಕನ್ನಡದಲ್ಲಿ ಇದಕ್ಕೆ ಸರಿಯಾದ ಪದ ಯಾವುದು?

ಲ್ಯಾಟಿನ್ ಭಾಷೆಯಲ್ಲಿ ‘ರೇಸ್’ ಎಂದರೆ ವಸ್ತು, ಅದರಿಂದ ‘ರೀಯಿಫಿಕೇಶನ್’. ಜರ್ಮನ್‌ನಲ್ಲಿ ‘ಡಿಂಗ್’ ಎಂದರೂ ವಸ್ತು, ಅದರಿಂದ ಇದೇ ಅರ್ಥದ ‘ಫೆರ್‌ಡಿಂಗ್ಲಿಖುಂಗ್’ ಬಂತು. ನಾವು ವಸ್ತೂಕರಣ ಎಂದು ಇಟ್ಟುಕೊಂಡಿದ್ದೇವೆ. ಕೇಳಲು ಸರ್ಕಾರಿ ಸುತ್ತೋಲೆಯ ಹಾಗಿದೆ, ಒಪ್ಪುತ್ತೇನೆ. ಸರಕೀಕರಣ ಬೇರೆ. ಅದು ಮಾರಾಟದ ಸರಕಾಗುವುದು. ಪರಕೀಯತೆಯೂ ಬೇರೆ. ಅದು ನಾನು ಮಾಡಿದ್ದೇ ನನಗೆ ಹೊರಗಿನದಾಗುವುದು. ಮೂರೂ ದಾಯಾದಿಗಳು. ಬೇಲಿ ಎಲ್ಲಿ ಎನ್ನುವ ತಕರಾರು ಇವತ್ತಿಗೂ ಮುಗಿದಿಲ್ಲ.

ಇದನ್ನು ಮೊದಲು ಹೇಳಿದ್ದು ಮಾರ್ಕ್ಸಾ?

ಬೀಜ ಅಲ್ಲಿಯದು. 1867ರಲ್ಲಿ ಬಂದ ‘ಬಂಡವಾಳ’ದ ಮೊದಲ ಅಧ್ಯಾಯದಲ್ಲಿ ಸರಕಿನ ಮಾಯೆಯ ಬಗ್ಗೆ ಒಂದು ಭಾಗವಿದೆ. ಮರದ ಮೇಜು ಮರದ ಮೇಜೇ. ಆದರೆ ಅದು ಮಾರುವ ಸರಕಾದ ಕೂಡಲೇ ತಲೆ ಕೆಳಗೆ ಮಾಡಿ ನಿಲ್ಲುತ್ತದೆ ಎಂದು ಮಾರ್ಕ್ಸ್ ತಮಾಷೆ ಮಾಡುತ್ತಾರೆ.

ನಮಗೆ ಮೇಜು ಬೇಡ, ಅಡಿಕೆ ಸಾಕು. ‘ಅಡಿಕೆ ಏರಿತು’, ‘ಅಡಿಕೆ ಬಿತ್ತು’ ಎನ್ನುತ್ತೇವಲ್ಲ, ‘ಮಳೆ ಬಂತು’ ಎನ್ನುವ ಹಾಗೆಯೇ. ಮದ್ದು ಬಿಟ್ಟವರು, ಕೊನೆ ಇಳಿಸಿದವರು, ಅಂಗಳದಲ್ಲಿ ಒಣಗಿಸಿದವರು, ಸುಲಿಯುವಾಗ ಬೆರಳು ಕೊಯ್ದುಕೊಂಡವರು, ಕೊಂಡವರು, ದಾಸ್ತಾನು ಇಟ್ಟವರು, ಇಷ್ಟು ಜನರ ನಡುವಿನ ಸಂಬಂಧ ಅದು. ಆದರೆ ಪೇಪರಿನಲ್ಲಿ ಒಂದು ಅಂಕೆ ಅಷ್ಟೇ, ಅದೂ ಅಡಿಕೆಯದ್ದೇ ಗುಣ ಎಂಬಂತೆ. 1970ರ ಸುಮಾರಿಗೆ ಬೆಲೆ ನೆಲ ಕಚ್ಚಿದಾಗ ಕರ್ನಾಟಕ, ಕೇರಳ ಎರಡೂ ಕಡೆಯ ಬೆಳೆಗಾರರು ಸೇರಿ 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಎಂಬ ಸಹಕಾರಿ ಸಂಘ ಕಟ್ಟಿದರು. ಬೆಲೆ ಆಕಾಶದಿಂದ ಉದುರುವುದಲ್ಲ, ಅದರಲ್ಲಿ ಕೈ ಹಾಕಬಹುದು ಎಂದು ಕಂಡುಕೊಂಡವರು ಅವರು. ಅವರು ಮಾರ್ಕ್ಸ್ ಓದಿ ಹೊರಟವರೇನಲ್ಲ. ಹೊಟ್ಟೆಗೆ ಬಿದ್ದ ಪೆಟ್ಟೇ ಸಾಕಿತ್ತು.

ಹಾಗಾದರೆ ಲುಕಾಚ್ ಹೊಸದಾಗಿ ಎಂತ ಸೇರಿಸಿದರು?

ಗೆಯೋರ್ಗ್ ಲುಕಾಚ್ ಹಂಗೇರಿಯ ತತ್ವಚಿಂತಕ, ಬುಡಾಪೆಸ್ಟಿನ ಬ್ಯಾಂಕರ್ ಮನೆಯ ಮಗ. 1919ರ ಹಂಗೇರಿ ಕ್ರಾಂತಿ ಸರ್ಕಾರದಲ್ಲಿ ಸಂಸ್ಕೃತಿ, ಶಿಕ್ಷಣ ನೋಡಿಕೊಂಡವರು. ಆ ಸರ್ಕಾರ ಕೆಲವೇ ತಿಂಗಳಲ್ಲಿ ಬಿತ್ತು. ಅವರು ವಿಯೆನ್ನಾಕ್ಕೆ ಓಡಿದರು. ಅಲ್ಲಿದ್ದಾಗ 1923ರಲ್ಲಿ ‘ಇತಿಹಾಸ ಮತ್ತು ವರ್ಗಪ್ರಜ್ಞೆ’ ಹೊರಗೆ ಬಂತು. ಅದರ ನಡುಮಧ್ಯೆ ಇರುವ ದೊಡ್ಡ ಪ್ರಬಂಧವೇ ವಸ್ತೂಕರಣದ ಬಗ್ಗೆ.

ಮಾರ್ಕ್ಸ್ ಸಂತೆಯ ಬಗ್ಗೆ ಹೇಳಿದ್ದನ್ನು ಲುಕಾಚ್ ಕಚೇರಿಗೆ, ಕೋರ್ಟಿಗೆ, ಪತ್ರಿಕೆಗೆ, ಕಡೆಗೆ ನಮ್ಮ ತಲೆಯೊಳಗಿನ ಲೆಕ್ಕಾಚಾರಕ್ಕೂ ಹಬ್ಬಿಸಿದರು. ಜರ್ಮನ್ ಸಮಾಜಶಾಸ್ತ್ರಜ್ಞರಾದ ವೇಬರ್ ಅವರಿಂದ ಲೆಕ್ಕಕ್ಕೆ ಸಿಕ್ಕುವ ಆಡಳಿತ, ಝಿಮ್ಮೆಲ್ ಅವರಿಂದ ದುಡ್ಡಿನ ತತ್ವ, ಅಮೆರಿಕದ ಎಂಜಿನಿಯರ್ ಟೇಲರ್ ಅವರ ಗಡಿಯಾರ ಹಿಡಿದ ಕಾರ್ಖಾನೆ, ಮೂರನ್ನೂ ಮಾರ್ಕ್ಸ್ ಜೊತೆ ಹೆಣೆದರು. ಕೆಲಸವನ್ನು ತುಂಡು ತುಂಡು ಮಾಡಿ ಅಳೆಯುತ್ತಾ ಹೋದರೆ, ಕೆಲಸ ಮಾಡುವವರೂ ಅಳತೆಯ ತುಂಡಾಗುತ್ತಾರೆ. ತನ್ನ ಕೆಲಸವನ್ನೇ ದೂರ ನಿಂತು ನೋಡುವ ಪ್ರೇಕ್ಷಕರಾಗುತ್ತಾರೆ.

ಇದು ನನಗೆ ಅರ್ಥವಾದದ್ದು ಬೀಡಿ ಬ್ರಾಂಚಿನ, ಅಂದರೆ ಕಟ್ಟಿದ ಬೀಡಿ ಕೊಟ್ಟು ಬರುವ ಜಾಗದ, ನೆನಪಿನಿಂದ. ಚಿಕ್ಕವಳಿದ್ದಾಗ ಅಮ್ಮನ ಜೊತೆ ಹೋಗುತ್ತಿದ್ದೆ. ಬೀಡಿಗಳನ್ನು ಇಪ್ಪತ್ತೈದರ ಕಟ್ಟು ಮಾಡಿ, ಚೀಲಕ್ಕೆ ತುಂಬಿ, ಸೀರೆಯ ಸೆರಗಿನಲ್ಲಿ ಮಳೆಯಿಂದ ಮುಚ್ಚಿಕೊಂಡು ನಡೆಯಬೇಕು. ಅಲ್ಲಿ ಮೇಜಿನ ಹಿಂದೆ ಕೂತವನು ಮುಖ ನೋಡುತ್ತಿರಲಿಲ್ಲ. ಒಂದು ಕಟ್ಟು ಎತ್ತಿ ಹೆಬ್ಬೆರಳಲ್ಲಿ ಒತ್ತುವನು, ಬಾಯಿ ಸರಿ ಮಡಚಿದೆಯಾ ನೋಡುವನು, ಇಷ್ಟವಾಗದ್ದನ್ನು ಬದಿಗೆ ಎಸೆಯುವನು. ‘ನಂಬ್ರ?’ ಎಂದು ಕೇಳುವನು. ಅಮ್ಮ ಪಾಸ್‌ಬುಕ್ಕಿನ ನಂಬರ್ ಹೇಳುವರು. ಒಂದು ಸಲ ಎರಡು ಕಟ್ಟು ವಾಪಸು ಬಂತು. ‘ಇವತ್ತು ಯಾಕೋ ನನ್ನ ಕೈಯೇ ಸರಿ ಇಲ್ಲ’ ಎಂದರು ಅಮ್ಮ, ಕೈ ಯಾರದ್ದೋ ಎನ್ನುವ ಹಾಗೆ. ಲುಕಾಚ್ ಪುಟಗಟ್ಟಲೆ ತೆಗೆದುಕೊಂಡು ಹೇಳಿದ್ದನ್ನು ಅಮ್ಮ ಆರು ಶಬ್ದದಲ್ಲಿ ಹೇಳಿದ್ದರು.

ಸ್ತ್ರೀವಾದಿಗಳಿಗೆ ಈ ಪರಿಕಲ್ಪನೆ ಯಾಕೆ ಬೇಕಾಯಿತು?

ಲುಕಾಚ್ ನೋಡಿದ್ದು ಕಾರ್ಖಾನೆಯ ಕಾರ್ಮಿಕನನ್ನು. ಸಂಜೆ ಅವನು ಮನೆಗೆ ಬಂದಾಗ ಅನ್ನ ಎಲ್ಲಿಂದ ಬಂತು, ಅಂಗಿ ಯಾರು ಒಗೆದರು ಎಂದು ಅವರು ಕೇಳಲಿಲ್ಲ. ಅಲ್ಲಿ ಒಂದು ದೊಡ್ಡ ತೂತು ಇದೆ.

ಬೀಡಿ ಕಟ್ಟುವ ಮನೆಗೇ ಬನ್ನಿ. ರಾತ್ರಿ ಎಲೆ ನೆನೆಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಡಬೇಕು. ಅಳತೆಯ ತಗಡು ಇಟ್ಟು ಕತ್ತರಿಯಲ್ಲಿ ಕತ್ತರಿಸಬೇಕು. ಮಡಿಲಲ್ಲಿ ತಡ್ಪೆ (ಮೊರ), ತಡ್ಪೆಯಲ್ಲಿ ಹೊಗೆಸೊಪ್ಪು. ಚಿಟಿಕೆ ಸೊಪ್ಪು, ಸುರುಳಿ, ನೂಲು, ಬಾಯಿ ಮಡಚುವುದು. ಸಾವಿರ ಆಗಬೇಕಾದರೆ ಹೆಚ್ಚು ಕಡಿಮೆ ಇಡೀ ದಿನ ಹೋಗುತ್ತದೆ. ನಡುವೆ ಗಂಜಿ ಬಸಿಯಬೇಕು, ದನಕ್ಕೆ ಹಾಕಬೇಕು, ಮಗುವಿನ ಮೂಗು ಒರೆಸಬೇಕು. ಕೂತು ಕೂತು ಸೊಂಟ ಹಿಡಿಯುತ್ತದೆ, ಸೊಪ್ಪಿನ ಧೂಳಿಗೆ ಕೆಮ್ಮು. ಆ ಮನೆಗೆ ಯಾರಾದರೂ ಬಂದು ‘ಎಂತ ಮಾಡಿಕೊಂಡಿದ್ದೀರಿ ಅಕ್ಕ?’ ಎಂದು ಕೇಳಿದರೆ ಉತ್ತರ: ‘ಎಂತದೂ ಇಲ್ಲ, ಸುಮ್ನೆ ಮನೆಯಲ್ಲಿದ್ದೇನೆ.’

ಈ ‘ಸುಮ್ನೆ’ ಇದೆಯಲ್ಲ, ನಾನು ಓದಿದ ಯಾವ ಪುಸ್ತಕಕ್ಕಿಂತಲೂ ಅದು ದೊಡ್ಡ ಪಾಠ. ಕೆಲಸ ಕಣ್ಣೆದುರೇ ಉಂಟು, ಬೆರಳ ತುದಿ ಕಪ್ಪಾಗಿದೆ. ಆದರೂ ಮಾಡುವವರಿಗೇ ಅದು ಕೆಲಸವಾಗಿ ಕಾಣುವುದಿಲ್ಲ. ಯಾಕೆಂದರೆ ‘ಗೃಹಿಣಿ’ ಎಂಬ ವಸ್ತು ಮೊದಲೇ ರೆಡಿ ಇದೆ. ಅದರೊಳಗೆ ಹಾಕಿದ ದುಡಿತವೆಲ್ಲ ಹೆಣ್ಣಿನ ಸ್ವಭಾವವಾಗಿ ಹೊರಬರುತ್ತದೆ.

ಜರ್ಮನ್ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ 1982ರಲ್ಲಿ ಆಂಧ್ರದ ನರಸಾಪುರದ ಲೇಸ್ ಹೆಣೆಯುವ ಹೆಂಗಸರ ಬಗ್ಗೆ ಒಂದು ಪುಸ್ತಕ ಬರೆದರು. ಲೇಸ್ ಹೋಗುವುದು ವಿದೇಶಕ್ಕೆ. ವ್ಯಾಪಾರಿಗಳು ಎಣಿಸುವುದು ಲಾಭ. ಹೆಣೆಯುವವರನ್ನು ಎಲ್ಲರೂ ಕರೆಯುವುದು ‘ಮನೆಯಲ್ಲಿ ಕೂತ ಹೆಂಗಸರು, ಬಿಡುವಿನಲ್ಲಿ ಏನೋ ಮಾಡುತ್ತಾರೆ’ ಎಂದು. ಹಾಗೆ ಕರೆದದ್ದರಿಂದಲೇ ಕೂಲಿ ಅಷ್ಟು ಕಡಿಮೆ ಇಡಲು ಆಯಿತು ಎನ್ನುವುದು ಮೀಸ್ ಅವರ ವಾದ. ಹೆಂಗಸರನ್ನು ಮೊದಲು ಗೃಹಿಣಿ ಮಾಡುವುದು, ಆಮೇಲೆ ಗೃಹಿಣಿ ತಾನೇ ಎಂದು ಅಗ್ಗಕ್ಕೆ ದುಡಿಸುವುದು. ನರಸಾಪುರ ತೆಗೆದು ಮಂಜೇಶ್ವರ ಹಾಕಿ, ಲೇಸ್ ತೆಗೆದು ಬೀಡಿ ಹಾಕಿ. ಕತೆ ಅಲುಗಾಡುವುದಿಲ್ಲ.

ಬೀಡಿಗೆ ಸಂಬಂಧಿಸಿದ 1966ರ ಕಾಯ್ದೆ ಮನೆಯಲ್ಲಿ ಕೂತು ಕಟ್ಟುವವರನ್ನೂ ಕಾರ್ಮಿಕರೆಂದೇ ಲೆಕ್ಕಕ್ಕೆ ಹಿಡಿದಿತ್ತು. ಅಂದರೆ ಕಾನೂನಿನ ಕಣ್ಣಿಗೆ ಕಂಡದ್ದು ಎಷ್ಟೋ ಮನೆಗಳ ಕಣ್ಣಿಗೆ ಆಮೇಲೂ ಕಾಣಲಿಲ್ಲ.

ಕೂಲಿಯೇ ಇಲ್ಲದ ಕೆಲಸದ ಮಾತು ಇನ್ನೂ ಒಂದು ಹೆಜ್ಜೆ ಮುಂದೆ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಲ್ಲಿ, ಮನೆಗೆಲಸ ಮಾಡಿದ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ, ಮಾಡಿದ ಗಂಡಸರು 97 ನಿಮಿಷ ಅದಕ್ಕೆ ಕೊಟ್ಟರು ಎಂದು ಬಂತು. ಗಂಡಸರಲ್ಲಿ ಮಾಡಿದವರೇ ನಾಲ್ಕರಲ್ಲಿ ಒಂದು ಪಾಲು. 1970ರ ದಶಕದಲ್ಲಿ ಇಟಲಿಯಿಂದ, ಅಮೆರಿಕದಿಂದ ‘ಮನೆಗೆಲಸಕ್ಕೆ ಸಂಬಳ ಕೊಡಿ’ ಎಂದು ಕೂಗಿದ ಸಿಲ್ವಿಯಾ ಫೆಡರಿಚಿ ಮತ್ತು ಅವರ ಜೊತೆಯವರ ಉದ್ದೇಶ ಬರೀ ದುಡ್ಡಲ್ಲ. ‘ಪ್ರೀತಿ’ ಎಂದು ಹೆಸರಿಟ್ಟದ್ದನ್ನು ‘ಕೆಲಸ’ ಎಂದು ಕರೆಯಿಸುವುದು. ಸಂಬಳ ಕೇಳಿದ ಕೂಡಲೇ ಅದು ಸ್ವಭಾವ ಅಲ್ಲ ಎಂದಾಗುತ್ತದೆ. ಬೇಡ ಎನ್ನಲೂ ದಾರಿಯಾಗುತ್ತದೆ.

ಹೆಣ್ಣನ್ನು ವಸ್ತುವಾಗಿ ನೋಡುವುದು ಎನ್ನುತ್ತೇವಲ್ಲ, ಅದೂ ಇದೂ ಒಂದೇ ಅಲ್ವಾ?

ಅಲ್ಲ. ಆದರೆ ನೆಂಟರು. ಅಲ್ಲಿ ಒಬ್ಬ ವ್ಯಕ್ತಿ ವಸ್ತುವಾಗುತ್ತಾಳೆ. ಇಲ್ಲಿ ಸಂಬಂಧವೇ, ಪದ್ಧತಿಯೇ ವಸ್ತುವಾಗುತ್ತದೆ.

ಅಮೆರಿಕದ ತತ್ವಜ್ಞಾನಿ ಮಾರ್ಥಾ ನುಸ್‌ಬಾಮ್ 1995ರಲ್ಲಿ ವ್ಯಕ್ತಿಯನ್ನು ವಸ್ತು ಮಾಡುವುದಕ್ಕೆ ಏಳು ಲಕ್ಷಣ ಗುರುತಿಸಿದರು. ತನ್ನ ಕೆಲಸಕ್ಕೆ ಉಪಕರಣ ಮಾಡಿಕೊಳ್ಳುವುದು, ಸ್ವಂತ ತೀರ್ಮಾನ ಇಲ್ಲವೆನ್ನುವುದು, ಜಡವೆಂದು ಎಣಿಸುವುದು, ಇದಲ್ಲದಿದ್ದರೆ ಇನ್ನೊಂದು ಎನ್ನುವುದು, ಮುರಿದರೂ ತೊಂದರೆ ಇಲ್ಲವೆನ್ನುವುದು, ಸ್ವತ್ತು ಮಾಡಿಕೊಳ್ಳುವುದು, ಅವಳಿಗೆ ಹೇಗನಿಸುತ್ತದೆ ಎಂಬುದನ್ನು ಲೆಕ್ಕಕ್ಕೇ ತೆಗೆದುಕೊಳ್ಳದಿರುವುದು. ಹೆಣ್ಣು ನೋಡಲು ಬಂದವರು ಅವಲಕ್ಕಿ ತಿಂದು ಎದ್ದ ಮೇಲೆ ಅಂಗಳ ಇಳಿಯುತ್ತಾ ‘ಇದಾಗದಿದ್ದರೆ ಮುಳ್ಳೇರಿಯದಲ್ಲಿ ಇನ್ನೊಂದು ಉಂಟು’ ಎನ್ನುತ್ತಾರಲ್ಲ, ಅದು ನಾಲ್ಕನೆಯದು. ಅಷ್ಟು ಹೊತ್ತಿಗೆ ಅಂಗಳದಲ್ಲಿ ಹುಡುಗಿಯ ಅಪ್ಪ ‘ಹೆಣ್ಣು ಹೆತ್ತವರು ಕಾಯಲೇಬೇಕು, ಅದು ಲೋಕದ ನಿಯಮ’ ಎನ್ನುತ್ತಾರೆ. ಅದು ವಸ್ತೂಕರಣ. ಎರಡೂ ಒಂದೇ ಅಂಗಳದಲ್ಲಿ ನಡೆಯುತ್ತವೆ, ಅದಕ್ಕೇ ಗೊಂದಲ.

ಹೆಣ್ತನವೂ ಹೀಗೇ ಮಾಡಿದ್ದಾ? ಯಕ್ಷಗಾನದ ಸ್ತ್ರೀವೇಷದ ಹಾಗೆ?

ಈ ಪ್ರಶ್ನೆ ಕೇಳಿದವರು ಬ್ಯಾಂಕಿನ ಭಾವ. ಕುಂಬಳೆ ಸೀಮೆಯವರಿಗೆ ಸಹಜವಾಗಿ ಹೊಳೆಯುವ ಹೋಲಿಕೆ. ನಡಿಗೆ, ಕತ್ತಿನ ಕೊಂಕು, ದನಿ, ಸೆರಗು ಸರಿಪಡಿಸುವ ರೀತಿ, ಇಷ್ಟನ್ನು ಕಲಿತ ಗಂಡಸು ರಂಗಸ್ಥಳಕ್ಕೆ ಬಂದರೆ ನಾವು ದ್ರೌಪದಿಯನ್ನು ನೋಡುತ್ತೇವೆ. ಅಮೆರಿಕದ ತತ್ವಚಿಂತಕಿ ಜೂಡಿತ್ ಬಟ್ಲರ್ 1990ರಲ್ಲಿ ಹೇಳಿದ್ದು ಇದರ ಪಕ್ಕಕ್ಕೆ ಬರುತ್ತದೆ. ಲಿಂಗ ಎಂಬುದು ಒಳಗೆ ಇಟ್ಟ ಗಟ್ಟಿ ಪದಾರ್ಥ ಅಲ್ಲ. ಅದೇ ಅದೇ ನಡೆನುಡಿ ದಿನವೂ ಮಾಡಿ ಮಾಡಿ, ಹೆಪ್ಪುಗಟ್ಟಿ, ಮೊದಲಿಂದಲೂ ಗಟ್ಟಿಯಾಗಿಯೇ ಇತ್ತು ಎಂಬಂತೆ ಕಾಣುವುದು.

ಆದರೆ ಹೋಲಿಕೆ ಒಂದು ಕಡೆ ಮುರಿಯುತ್ತದೆ. ವೇಷಧಾರಿ ಬೆಳಗ್ಗೆ ಚೌಕಿಗೆ ಹೋಗಿ ಬಣ್ಣ ತೆಗೆಯುತ್ತಾನೆ, ಬೀಡಾ ಹಾಕಿಕೊಂಡು ಮನೆಗೆ ಹೋಗುತ್ತಾನೆ. ನಮಗೆ ಚೌಕಿ ಇಲ್ಲ. ಬೇಕಾದಾಗ ತೊಟ್ಟು ಬೇಡವಾದಾಗ ಬಿಚ್ಚುವ ವೇಷ ಇದು ಎಂದು ಬಟ್ಲರ್ ಹೇಳಿಲ್ಲ. ತಪ್ಪಿ ನಡೆದವರಿಗೆ ಶಿಕ್ಷೆ ಉಂಟು. ಹುಡುಗಿಯ ಹಾಗೆ ನಡೆಯುವ ಹುಡುಗನನ್ನು ಕ್ಲಾಸಿನಲ್ಲಿ ಎಷ್ಟು ಗೋಳು ಹೊಯ್ಯುತ್ತಾರೆ ಎಂದು ನಾನು ದಿನಾ ನೋಡುತ್ತೇನೆ.

ಹಾಗಾದರೆ ಇದೆಲ್ಲ ಬರೀ ಭ್ರಮೆಯಾ?

ಇಲ್ಲ. ಎಲ್ಲರೂ ಇಲ್ಲಿಯೇ ಎಡವುವುದು. ಮನುಷ್ಯರು ಮಾಡಿದ್ದು ಎಂದರೆ ಸುಳ್ಳು ಎಂದಲ್ಲ. ಚಂದ್ರಗಿರಿ ಹೊಳೆಯ ಸೇತುವೆಯೂ ಮನುಷ್ಯರು ಮಾಡಿದ್ದೇ, ಅದರ ಮೇಲೆ ಬಸ್ ಹೋಗುತ್ತದೆ.

ಅಂಬೇಡ್ಕರ್ 1936ರ ‘ಜಾತಿ ವಿನಾಶ’ದಲ್ಲಿ, ಜಾತಿ ಇಟ್ಟಿಗೆಯ ಗೋಡೆಯಲ್ಲ, ಮುಳ್ಳುತಂತಿಯಲ್ಲ, ಅದು ಮನಸ್ಸಿನ ಸ್ಥಿತಿ ಎನ್ನುತ್ತಾರೆ. ಗೋಡೆಯಾಗಿದ್ದರೆ ಕೆಡವಬಹುದಿತ್ತು. ಮನಸ್ಸಿನಲ್ಲಿದೆ ಎಂಬ ಕಾರಣಕ್ಕೆ ಅದು ಹಗುರ ಎಂದು ಅವರು ಹೇಳಲಿಲ್ಲ, ಇನ್ನೂ ಕಷ್ಟ ಎಂದರು. ಅದರ ಹಿಂದಿರುವ ಶಾಸ್ತ್ರದ ಅಧಿಕಾರವನ್ನೇ ಅಲುಗಾಡಿಸಬೇಕು ಎಂದರು. ವಸ್ತೂಕರಣ ಎಂಬ ಶಬ್ದ ಅಲ್ಲಿಲ್ಲ. ವಿಷಯ ಮಾತ್ರ ಲುಕಾಚ್‌ಗಿಂತ ಸ್ಪಷ್ಟವಾಗಿದೆ ಎಂದು ನನಗೆ ಕಾಣುತ್ತದೆ.

ನಮ್ಮೂರಿನದ್ದೇ ಇನ್ನೊಂದು ಹೇಳಬೇಕು. ಅಳಿಯಸಂತಾನ. ಆಸ್ತಿಯ ಸಾಲು ತಾಯಿಯ ಕಡೆಯಿಂದ ಇಳಿಯುವುದು ಇಲ್ಲಿನ ಎಷ್ಟೋ ಮನೆಗಳಿಗೆ ಸೂರ್ಯ ಮೂಡುವಷ್ಟೇ ಸಹಜವಾಗಿತ್ತು. 1949ರಲ್ಲಿ ಮದ್ರಾಸ್ ಸರ್ಕಾರ ಅದಕ್ಕೊಂದು ಕಾಯ್ದೆ ಮಾಡಿತು. ಆಮೇಲೆ ಕೇರಳದ 1975ರ ಅವಿಭಕ್ತ ಕುಟುಂಬ ರದ್ದತಿ ಕಾಯ್ದೆ, ಕಾಸರಗೋಡಿನ ಕುಟುಂಬ, ಕವರು (ಕುಟುಂಬದ ಕವಲು)ಗಳನ್ನು ಕಾನೂನಿನ ಲೆಕ್ಕದಲ್ಲಿ ಮುಗಿಸಿತು. ಇವತ್ತು ಅದೇ ಮನೆಗಳಲ್ಲಿ ‘ಗಂಡು ಮಕ್ಕಳಿಗೇ ಮನೆ, ಅದು ಮೊದಲಿಂದಲೂ ಹಾಗೇ’ ಎನ್ನುವವರು ಸಿಗುತ್ತಾರೆ. ಐವತ್ತು ವರ್ಷದಲ್ಲಿ ‘ಮೊದಲು’ ಎಂಬುದೇ ಬದಲಾಯಿತು, ಯಾರಿಗೂ ಗೊತ್ತಾಗಲಿಲ್ಲ! ಅಳಿಯಸಂತಾನ ಇದ್ದಾಗ ಹೆಂಗಸರದ್ದೇ ರಾಜ್ಯಭಾರ ಇತ್ತು ಎಂದು ಮಾತ್ರ ತಿಳಿಯಬೇಡಿ. ಆಗಲೂ ಯಜಮಾನಿಕೆ ಹೆಚ್ಚಿನ ಕಡೆ ಸೋದರಮಾವನ ಕೈಯಲ್ಲೇ.

‘ಮಾತೃಭಾಷೆ’ಯೂ ಹೀಗೇ ಅಂತೀರಾ? ಹಾಗಾದರೆ ನಮ್ಮ ಕನ್ನಡದ ಹೋರಾಟ?

ಇದಕ್ಕೆ ನಮ್ಮಲ್ಲಿ ಒಂದು ಮಧ್ಯಾಹ್ನ ಪೂರ್ತಿ ಜಗಳ ಆಗಿದೆ. ನನ್ನ ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲೆಯಾಳ, ಮೀನಿನವರ ಹತ್ತಿರ ಬ್ಯಾರಿ ಕೆಲವು ಮಾತು. ಫಾರ್ಮಿನಲ್ಲಿ ಕಾಲಂ ಒಂದೇ. ಹರಿಯುವ ನಾಲ್ಕು ಮಾತನ್ನು ಒಂದು ಡಬ್ಬಿಗೆ ಹಾಕಿ ಮುಚ್ಚಿದ ಮೇಲೆ ಅದು ‘ನನ್ನ ಭಾಷೆ’ ಎಂಬ ವಸ್ತು.

ಆದರೆ 1956ರ ನವೆಂಬರ್ 1ಕ್ಕೆ ದಕ್ಷಿಣ ಕನ್ನಡದಿಂದ ಕೇರಳಕ್ಕೆ ಹೋದವರು ನಾವು. ಚಂದ್ರಗಿರಿಯ ಉತ್ತರ ಭಾಗ ಕರ್ನಾಟಕಕ್ಕೆ ಸೇರಬೇಕು ಎಂದು 1967ರಲ್ಲಿ ಗಡಿ ವಿವಾದದ ಮಹಾಜನ್ ಆಯೋಗ ಹೇಳಿದರೂ ಏನೂ ಆಗಲಿಲ್ಲ. ಕನ್ನಡದಲ್ಲಿ ಪಾಠ ಬೇಕು, ಕನ್ನಡ ಗೊತ್ತಿರುವ ಮಾಷ್ಟ್ರು ಬೇಕು, ಅರ್ಜಿ ಕನ್ನಡದಲ್ಲಿ ಬೇಕು ಎಂದು ಕೇಳಬೇಕಾದರೆ ಆ ಡಬ್ಬಿಯ ಲೆಕ್ಕವೇ ಆಧಾರ. ಸಾಹಿತ್ಯ ಚಿಂತಕಿ ಗಾಯತ್ರಿ ಸ್ಪಿವಾಕ್ 1980ರ ದಶಕದಲ್ಲಿ ಹೇಳಿದ್ದು ನೆನಪಾಗುತ್ತದೆ: ಗೊತ್ತಿದ್ದೇ, ಕೆಲಸದ ಮಟ್ಟಿಗೆ, ಒಂದು ಗುರುತನ್ನು ಗಟ್ಟಿ ಎಂದು ಹಿಡಿಯಬಹುದು. ಜನ ಆ ಮಾತನ್ನು ಬೇಕಾದ ಹಾಗೆ ಎಳೆದದ್ದು ಕಂಡು ಆಮೇಲೆ ಅವರೇ ಅದರಿಂದ ದೂರ ಸರಿದರು. ನಾನು ಕಾಲಂನಲ್ಲಿ ಕನ್ನಡ ಎಂದೇ ಬರೆಯುತ್ತೇನೆ. ಮನೆಗೆ ಬಂದು ತುಳುವಿನಲ್ಲಿ ಬೈಯುತ್ತೇನೆ.

‘ಹೆಣ್ಣು’ ಎಂಬುದನ್ನು ಸ್ತ್ರೀವಾದವೇ ವಸ್ತು ಮಾಡಿಲ್ವಾ?

ಮಾಡಿದೆ. ಸ್ತ್ರೀವಾದಿ ಚಿಂತಕಿ ಚಂದ್ರಾ ತಲ್ಪಾಡೆ ಮೊಹಾಂತಿ 1984ರಲ್ಲಿ ಬರೆದ ಲೇಖನದ ಗುರಿ ಅದೇ. ಪಶ್ಚಿಮದ ಬರಹಗಳಲ್ಲಿ ‘ಮೂರನೇ ಜಗತ್ತಿನ ಹೆಂಗಸು’ ಎಂಬ ಒಂದೇ ಅಚ್ಚಿನ ಬೊಂಬೆ ಬರುತ್ತದೆ: ಬಡವಿ, ಓದಿಲ್ಲ, ಪಾಪ. ಅಡಿಕೆ ತೋಟದ ಒಡತಿ, ಅದೇ ತೋಟದಲ್ಲಿ ಅಡಿಕೆ ಹೆಕ್ಕುವವಳು, ಕೊರಗರ ಕಾಲೊನಿಯ ಹುಡುಗಿ, ಮೂವರೂ ಅದರಲ್ಲಿ ಒಂದೇ. ನಮ್ಮ ಸಭೆಗಳ ‘ಮಹಿಳೆಯರೇ’ ಎಂಬ ಭಾಷಣವೂ ಅಷ್ಟೇ.

ಈಚೆಗೆ ಯಾರಾದರೂ ಇದರ ಬಗ್ಗೆ ಬರೆದಿದ್ದಾರಾ?

ಜರ್ಮನ್ ತತ್ವಜ್ಞಾನಿ ಆಕ್ಸೆಲ್ ಹೊನ್ನೆತ್, 2005ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಕೊಟ್ಟ ಉಪನ್ಯಾಸಗಳಲ್ಲಿ. ಎದುರಿನವರನ್ನು ಮನುಷ್ಯರೆಂದು ಗುರುತಿಸುವುದೇ ಮೊದಲು, ತಿಳಿಯುವುದು ಆಮೇಲೆ. ಆ ಮೊದಲಿನದನ್ನು ಮರೆಯುವುದೇ ವಸ್ತೂಕರಣ ಎಂದರು. ಬೀಡಿ ಒತ್ತಿ ನೋಡಿ ಮುಖ ನೋಡದವನಿಗೆ ಸರಿ ಹೊಂದುತ್ತದೆ. ಆದರೆ ಅವನು ಮುಖ ನೋಡಿ ನಕ್ಕಿದ್ದರೆ ಸಾವಿರಕ್ಕೆ ಕೊಡುವ ಕೂಲಿ ಜಾಸ್ತಿ ಆಗುತ್ತಿತ್ತಾ? ಹೊನ್ನೆತ್ ಹತ್ತಿರ ಇದಕ್ಕೆ ಉತ್ತರ ತೆಳು.

ಹೆಸರಿಟ್ಟು ಕರೆದ ಕೂಡಲೇ ವಸ್ತೂಕರಣ ಹೋಗುತ್ತದಾ?

ಇಲ್ಲ ಮಾರಾಯ್ರೆ. ಹೋಗುವುದಾಗಿದ್ದರೆ ನಮ್ಮ ಓದುಕೂಟದವರ ಮನೆಗಳಲ್ಲಾದರೂ ಹೋಗಬೇಕಿತ್ತು. ವಸ್ತೂಕರಣದ ಬಗ್ಗೆ ಗಂಡಸರು ಚರ್ಚೆ ಮಾಡುವಾಗ ಚಹಾ ಒಳಗಿನಿಂದಲೇ ಬರುತ್ತದೆ. ಮೂರನೇ ತಿಂಗಳು ಅಂಗನವಾಡಿ ಟೀಚರ್ ‘ಈ ಚಹಾ ನಡೆದುಕೊಂಡು ಬಂದದ್ದಾ?’ ಎಂದು ಕೇಳಿದರು. ಎಲ್ಲರೂ ನಕ್ಕರು. ಅದರ ಮುಂದಿನ ತಿಂಗಳಿಂದ ಒಬ್ಬರು ಫ್ಲಾಸ್ಕಿನಲ್ಲಿ ತರುತ್ತಾರೆ. ಅದನ್ನೂ ಅವರ ಹೆಂಡತಿಯೇ ಮಾಡಿದ್ದು ಎಂದು ಆಮೇಲೆ ಗೊತ್ತಾಯಿತು.

ಎಲ್ಲಿಂದ ಓದಲು ಶುರು ಮಾಡಲಿ?

ಮಾರ್ಕ್ಸ್ ಅವರ ಸರಕಿನ ಭಾಗ ಹತ್ತಿಪ್ಪತ್ತು ಪುಟ, ಅದನ್ನು ಮೊದಲು ಓದಿ. ಮೀಸ್ ಅವರ ನರಸಾಪುರದ ಪುಸ್ತಕ ಎಲ್ಲಕ್ಕಿಂತ ಸುಲಭ, ಹೆಂಗಸರ ಮಾತೇ ಅದರಲ್ಲಿ ಜಾಸ್ತಿ. ಲುಕಾಚ್ ಪ್ರಬಂಧದಲ್ಲಿ ಮೂರು ಭಾಗ. ಮೊದಲನೆಯದು ಹೋಗುತ್ತದೆ. ಎರಡನೆಯದರಲ್ಲಿ ಕಾಂಟ್, ಹೆಗೆಲ್ ಬಂದು ತಲೆ ಸುತ್ತುತ್ತದೆ. ಅದನ್ನು ಹಾರಿಸಿ ಮೂರನೆಯದಕ್ಕೆ ಹೋಗಬಹುದು. ನಾನೂ ಮೊದಲ ಸಲ ಹಾರಿಸಿದ್ದೇ. 1967ರಲ್ಲಿ ಮರುಮುದ್ರಣಕ್ಕೆಂದು ಲುಕಾಚ್ ಹೊಸ ಮುನ್ನುಡಿ ಬರೆದು, ಮನುಷ್ಯ ಏನು ಮಾಡಿದರೂ ಒಂದು ವಸ್ತು ಹುಟ್ಟುತ್ತದೆ, ಅದನ್ನೂ ಪರಕೀಯತೆಯನ್ನೂ ಆಗ ಕಲಸಿಬಿಟ್ಟೆ ಎಂದು ಒಪ್ಪಿಕೊಂಡರು. ಅದನ್ನು ಕೊನೆಗೆ ಓದಿ, ಮೊದಲೇ ಓದಿದರೆ ಪುಸ್ತಕ ಮುಚ್ಚಿಡಬೇಕು ಎನಿಸುತ್ತದೆ.